ಬೇಲೂರು–ಹಳೇಬೀಡು: ಒಂದು ದಿನದ ಪ್ಯಾಕೇಜ್ ಬೇಡ, ಹಾಸನದಲ್ಲಿ ಉಳಿದು ನೋಡಿ

ಬೆಂಗಳೂರಿನಿಂದ ನಸುಕಿಗೆ ಹೊರಡಿಸಿ, ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ತೋರಿಸಿ ರಾತ್ರಿ ಮನೆಗೆ ಬಿಡುತ್ತೇವೆ ಎನ್ನುವ ಪ್ಯಾಕೇಜುಗಳಿಗೆ ಐದಕ್ಕೆ ಒಂದೂವರೆಗಿಂತ ಹೆಚ್ಚು ಅಂಕ ಕೊಡಲು ಮನಸ್ಸು ಬರುವುದಿಲ್ಲ. ಬಸ್ಸು ಚೆನ್ನಾಗಿರಬಹುದು, ಸೀಟು ಮೆತ್ತಗಿರಬಹುದು, ತಿಂಡಿಯೂ ಸೇರಿರಬಹುದು. ತಪ್ಪಿರುವುದು ಲೆಕ್ಕದಲ್ಲಿ. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿ.ಮೀ., ಅಲ್ಲಿಂದ ಹಾಸನದ ಮೇಲೆ ಬೇಲೂರಿಗೆ ಹತ್ತಿರ ಹತ್ತಿರ 90, ಬೇಲೂರಿನಿಂದ ಹಳೇಬೀಡಿಗೆ 16, ಹಳೇಬೀಡಿನಿಂದ ವಾಪಸ್ ಬೆಂಗಳೂರಿಗೆ 215ರ ಆಸುಪಾಸು. ಒಟ್ಟು 450 ಕಿ.ಮೀ. ದಾಟಿತು. ಊಟ, ಟೀ, ನೆಲಮಂಗಲದ ಟ್ರಾಫಿಕ್ಕು ಎಲ್ಲ ಸೇರಿದರೆ ಹತ್ತು ಗಂಟೆ ರಸ್ತೆಯ ಮೇಲೇ ಹೋಯಿತು. ಉಳಿದ ಹೊತ್ತಿನಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯಬೇಕು.

ಹಾಗೆ ಹೊರಟ ಬಸ್ಸು ಬೇಲೂರು ಮುಟ್ಟುವುದು ಮಧ್ಯಾಹ್ನ ಒಂದರ ಮೇಲೆ. ಆ ಹೊತ್ತಿಗೆ ಚೆನ್ನಕೇಶವನ ಗರ್ಭಗುಡಿಯ ಬಾಗಿಲು ಹಾಕಿರುತ್ತಾರೆ, ಮತ್ತೆ ತೆರೆಯುವುದು ಮೂರರ ಸುಮಾರಿಗೆ. ಕಾಯುವಷ್ಟು ವ್ಯವಧಾನ ಬಸ್ಸಿಗಿಲ್ಲ. ಹಳೇಬೀಡಿಗೆ ಬರುವ ಹೊತ್ತಿಗೆ ನಾಲ್ಕೂವರೆ, ಐದು. ಮ್ಯೂಸಿಯಂ ಐದಕ್ಕೆ ಮುಚ್ಚುತ್ತದೆ, ಆರಕ್ಕೆ ಕಾವಲುಗಾರರು ಸೀಟಿ ಊದುತ್ತಾರೆ. ಹೊಯ್ಸಳರ ರಾಜಧಾನಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ, ಅದರಲ್ಲೂ ಹದಿನೈದು ನಿಮಿಷ ಚಪ್ಪಲಿ ಬಿಡುವುದಕ್ಕೆ ಮತ್ತು ಗ್ರೂಪ್ ಫೋಟೋಕ್ಕೆ.

ಶ್ರವಣಬೆಳಗೊಳವನ್ನು ಈ ಪಟ್ಟಿಯಿಂದ ತೆಗೆದುಬಿಡಿ, ಅದು ಬೇರೆಯೇ ಒಂದು ದಿನಕ್ಕೆ ತಕ್ಕ ಊರು. ಹಿಂದಿನ ರಾತ್ರಿ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಉಳಿದುಕೊಂಡರೆ, ಮಾರನೆಯ ಒಂದೇ ದಿನದಲ್ಲಿ ಬೇಲೂರನ್ನೂ ಹಳೇಬೀಡನ್ನೂ ಹೊಟ್ಟೆ ತುಂಬ ನೋಡಬಹುದು. ಹಾಸನದಿಂದ ಬೇಲೂರು 38 ಕಿ.ಮೀ., ಹಳೇಬೀಡು 31. ಚಿಕ್ಕಮಗಳೂರಿನಿಂದ ಬೇಲೂರು ಬರೀ 25.

ಮೊದಲು ಯಾವುದು?

ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು. ಹಾಸನದ ಎಷ್ಟೋ ಡ್ರೈವರ್‌ಗಳು ಇದನ್ನು ತಿರುಗಿಸಿ ಹೇಳುತ್ತಾರೆ. ಹಗರೆ ಕ್ರಾಸಿನಲ್ಲಿ ಬಲಕ್ಕೆ ತಿರುಗಿ ಹಳೇಬೀಡು ಮುಗಿಸಿಕೊಂಡು ಬೇಲೂರಿಗೆ ಹೋದರೆ ಅವರಿಗೆ ಸಲೀಸು. ನೋಡುವವರಿಗೆ ನಷ್ಟ, ಏಕೆಂದರೆ ಬೇಲೂರಿನಲ್ಲಿ ನಿತ್ಯ ಪೂಜೆ ನಡೆಯುವ ದೇವಸ್ಥಾನ, ಮಧ್ಯಾಹ್ನ ಬಾಗಿಲು ಹಾಕುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ.

ಎರಡನೆಯ ಕಾರಣ ಬಿಸಿಲು. ಎರಡೂ ಗುಡಿಗಳ ಮುಖ ಪೂರ್ವಕ್ಕೆ. ಬೇಲೂರಿನ ಹೆಸರಾಂತ ಮದನಿಕೆಗಳು (ಶಿಲಾಬಾಲಿಕೆಯರು) ಸೂರಿನ ಚಾಚಿನ ಕೆಳಗೆ, ಗೋಡೆಗೆ ಓರೆಯಾಗಿ ನಿಂತಿವೆ. ಸೂರ್ಯ ನೆತ್ತಿಗೆ ಬಂದರೆ ಚಾಚಿನ ನೆರಳು ನೇರವಾಗಿ ಅವುಗಳ ಮೇಲೆ ಬೀಳುತ್ತದೆ, ಮುಖ ಕಾಣುವುದಿಲ್ಲ, ಫೋನಿನ ಕ್ಯಾಮರಾ ಹಿಂದಿನ ಆಕಾಶಕ್ಕೆ ಹೊಂದಿಕೊಂಡು ಶಿಲ್ಪವನ್ನು ಕಪ್ಪು ಮಾಡಿಬಿಡುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಬಿಸಿಲು ಕೆಳಗಿನಿಂದ ಬರುವಾಗ ಪೂರ್ವ ಬಾಗಿಲ ಅಕ್ಕಪಕ್ಕದವು ಚೆನ್ನಾಗಿ ಬೆಳಗುತ್ತವೆ. ಹಳೇಬೀಡಿನಲ್ಲಿ ಜನ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಗುಡಿಯ ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯ ಮುಂದೆ. ಅದಕ್ಕೆ ಬೆಳಿಗ್ಗೆ ಪೂರ್ತಿ ನೆರಳು. ಮೂರರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಸರದ ಮಣಿಗೂ ಅದರದ್ದೇ ನೆರಳು ಹುಟ್ಟುತ್ತದೆ, ಕಲ್ಲಿನಲ್ಲಿ ಎಷ್ಟು ಆಳಕ್ಕೆ ಉಳಿ ಹೋಗಿದೆ ಎಂಬುದು ಆಗ ಗೊತ್ತಾಗುತ್ತದೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ದಿನವಿಡೀ ಬೆಳಕಿರುತ್ತದೆ, ಬಡಗಣ ಗೋಡೆ ನೆರಳಲ್ಲೇ ಇರುತ್ತದೆ.

ಇನ್ನು ವಾರ. ಹಳೇಬೀಡಿನ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಶುಕ್ರವಾರ ಬಂದವರು ಬೀಗ ನೋಡಿ ಬೈದುಕೊಂಡು ಹೋಗುತ್ತಾರೆ. ಶನಿವಾರ, ಭಾನುವಾರ ತೆರೆದಿರುತ್ತದೆ, ಆದರೆ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ವಾರಾಂತ್ಯದ ನೂಕುನುಗ್ಗಲು ಹೇಳತೀರದು. ನವೆಂಬರ್–ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು, ಅದು ವಾರದ ದಿನವೂ ತಪ್ಪದು. ಮಂಗಳವಾರದಿಂದ ಗುರುವಾರ ಬಂದವರು ಪುಣ್ಯವಂತರು.

ಬೇಲೂರು

ಅಂಕ ಐದಕ್ಕೆ ನಾಲ್ಕೂವರೆ, ಅದೂ ಬೆಳಿಗ್ಗೆ ಬಂದವರಿಗೆ ಮಾತ್ರ. ಬಸ್ ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ಆಟೋದವರು ದೂರ ಎಂದರೆ ನಂಬಬೇಡಿ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಚಪ್ಪಲಿಯನ್ನು ರಾಜಗೋಪುರದ ಹೊರಗೇ ಬಿಡಬೇಕು. ಒಳಗಿನ ಅಂಗಳವೆಲ್ಲ ಕಲ್ಲು ಹಾಸು, ಫೆಬ್ರವರಿ ಮುಗಿದ ಮೇಲೆ ಹನ್ನೊಂದು ಗಂಟೆಗೇ ಕಾಲಿಡಲಾಗದಷ್ಟು ಕಾಯುತ್ತದೆ. ದಪ್ಪನೆಯ ಹತ್ತಿ ಕಾಲುಚೀಲ ಹಾಕಿಕೊಂಡು ಓಡಾಡಲು ಅಡ್ಡಿಯಿಲ್ಲ. ಮಳೆಗಾಲದಲ್ಲಿ ಅದೇ ಕಾಲುಚೀಲ ಅಪಾಯ: ಒದ್ದೆ ಕಲ್ಲಿನ ಮೇಲೆ ಬರಿಗಾಲೇ ಗಟ್ಟಿ.

ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಗೋಪುರ ಅಷ್ಟು ಹಳೆಯದಲ್ಲ, ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ ಗುಂಡ ಎಂಬ ದಂಡನಾಯಕ ಮತ್ತೆ ಕಟ್ಟಿಸಿದ್ದು. ಗುಡಿಯ ಮೇಲೆ ಶಿಖರ ಇಲ್ಲದ್ದನ್ನು ಕಂಡು ಅದನ್ನೂ ದಾಳಿಕೋರರ ತಲೆಗೆ ಕಟ್ಟುವ ಗೈಡ್‌ಗಳಿದ್ದಾರೆ. ಕೆಳಗಿನ ಕಟ್ಟಡ ಭಾರ ತಡೆಯಲಿಲ್ಲವೆಂದು 19ನೇ ಶತಮಾನದ ಕೊನೆಯಲ್ಲಿ ಅದನ್ನು ಬಿಚ್ಚಿ ಇಳಿಸಿದರು.

ನೋಡುವ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಒಳಗೆ ಹೋಗಿ. ಹೊರಗಿನದ್ದನ್ನು ಮೊದಲು ನೋಡಲು ನಿಂತರೆ ಬಿಸಿಲಲ್ಲಿ ಕಣ್ಣು ಮಂಜಾಗಿ ನವರಂಗದ, ಅಂದರೆ ಒಳಮಂಟಪದ, ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತದೆ, ಅಷ್ಟರಲ್ಲಿ ಹಿಂದಿನ ಗುಂಪು ತಳ್ಳುತ್ತದೆ. ಮೂಲತಃ ತೆರೆದಿದ್ದ ಮಂಟಪಕ್ಕೆ ಎರಡನೇ ವೀರಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಬಂದವು, ಕತ್ತಲೆಗೆ ಅವೇ ಕಾರಣ. ಸಣ್ಣದೊಂದು ಟಾರ್ಚ್ ಕಡ್ಡಾಯ, ಫೋನಿನ ಬೆಳಕು ಛಾವಣಿ ಮುಟ್ಟುವುದಿಲ್ಲ. ನಡುವಿನ ನಾಲ್ಕು ಕಂಬಗಳ ತಲೆಯಲ್ಲಿ ನಾಲ್ಕು ಮದನಿಕೆಗಳಿವೆ, ಹೊರಗೆ 38. ನಡುವಿನ ಆ ನಾಲ್ಕನ್ನು ಬಿಟ್ಟರೆ ಇಲ್ಲಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನರಸಿಂಹ ಕಂಬದ ಮುಂದೆ ನಿಂತು ಹತ್ತಿರದಿಂದ ನೋಡಿ, ಬೆರಳುದ್ದದ ಮೂರ್ತಿಗಳು ಕೆಳಗಿನಿಂದ ಮೇಲಿನವರೆಗೆ ತುಂಬಿವೆ. ಮೋಹಿನಿ ಕಂಬವನ್ನೂ ಬಿಡಬೇಡಿ. ಛಾವಣಿಯ ಭುವನೇಶ್ವರಿಯನ್ನು (ಕೆತ್ತನೆಯ ಗುಮ್ಮಟವನ್ನು) ಕತ್ತೆತ್ತಿ ನೋಡುವ ಬದಲು ಫೋನಿನ ಸೆಲ್ಫಿ ಕ್ಯಾಮರಾ ತೆರೆದು ಅಂಗೈಯಲ್ಲಿ ಮೇಲ್ಮುಖವಾಗಿ ಹಿಡಿದುಕೊಂಡರೆ ಕುತ್ತಿಗೆ ಉಳಿಯುತ್ತದೆ.

ಆಮೇಲೆ ಹೊರಗೆ, ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆಯಾಗಿ. ಒಂದು ಸುತ್ತಿಗೆ ಕೆಳಗಿನ ಸಾಲು, ಇನ್ನೊಂದು ಸುತ್ತಿಗೆ ಮೇಲಿನ ಮದನಿಕೆಗಳು. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಲು ಹೋದವರಿಗೆ ಎರಡೂ ದಕ್ಕುವುದಿಲ್ಲ. ಬುಡದ ಸಾಲಿನಲ್ಲಿ ಸುಮಾರು 650 ಆನೆಗಳಿವೆ, ಒಂದರ ನಿಲುವು ಇನ್ನೊಂದಕ್ಕಿಲ್ಲ. ಮದನಿಕೆಗಳಿಗೆ 8 ಪಟ್ಟು ಹಿಗ್ಗಿಸುವ ಸಣ್ಣ ಬೈನಾಕ್ಯುಲರ್ ತಂದರೆ ಈ ಪ್ರವಾಸದ ಅರ್ಧ ದುಡ್ಡು ಅಲ್ಲೇ ವಸೂಲಾಯಿತು. ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚಿದ ಹಲ್ಲಿ ಬರಿಗಣ್ಣಿಗೆ ಕಲೆಯಂತೆ ಕಾಣುತ್ತವೆ, ಬೈನಾಕ್ಯುಲರ್‌ನಲ್ಲಿ ಹಲ್ಲಿಯ ಬಾಲದ ತಿರುವೂ ಕಾಣುತ್ತದೆ.

ಬಹಳ ಜನ ಬಿಟ್ಟುಹೋಗುವುದು ಅದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು. ಶಾಂತಲೆ ಕಟ್ಟಿಸಿದ್ದು. ಅಂಗಳದಲ್ಲಿರುವ ಸುಮಾರು 42 ಅಡಿಯ ದೀಪಸ್ತಂಭದ ಕೆಳಗೆ ಕಾಗದ ತೂರಿಸಿ ತೋರಿಸುವ ಆಟಕ್ಕೆ ಐದು ನಿಮಿಷ ಸಾಕು. ತಳಪಾಯವಿಲ್ಲದೆ ತನ್ನ ತೂಕದ ಮೇಲೇ ನಿಂತಿರುವುದು ನಿಜ. ಬೇಲೂರಿಗೆ ಒಟ್ಟು ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಗೈಡ್ ಬೇಕೇ?

ಬೇಲೂರಿನಲ್ಲಿ ಬೇಕು, ಹಳೇಬೀಡಿನಲ್ಲಿ ಇದ್ದರೆ ಒಳ್ಳೆಯದು. ಪ್ರವೇಶದ ಬಳಿಯೇ ಸರ್ಕಾರದ ಗುರುತಿನ ಚೀಟಿ ತೂಗುಹಾಕಿಕೊಂಡ ಗೈಡ್‌ಗಳಿರುತ್ತಾರೆ. ದರ ಗುಂಪಿನ ಗಾತ್ರಕ್ಕೂ ಭಾಷೆಗೂ ತಕ್ಕಂತೆ ಬದಲಾಗುತ್ತದೆ. ಹೊರಡುವ ಮೊದಲೇ ನಾಲ್ಕು ಮಾತು ಮುಗಿಸಿಕೊಳ್ಳಿ: ಎಷ್ಟು ದುಡ್ಡು, ಎಷ್ಟು ಹೊತ್ತು, ಒಳಗೂ ಹೊರಗೂ ಎರಡೂ ಸೇರಿದೆಯೇ, ಕನ್ನಡದಲ್ಲೇ ಹೇಳುತ್ತೀರಾ. ಕೊನೆಯದನ್ನು ಕೇಳಲೇಬೇಕು. ಬೇರೆ ಊರಿನ ಒಂದು ಕುಟುಂಬವನ್ನು ನಿಮ್ಮ ಜತೆ ಸೇರಿಸಿಕೊಂಡರೆ ಅರ್ಧ ಮಾತು ಹಿಂದಿಗೆ ಹೋಗುತ್ತದೆ, ದುಡ್ಡು ಮಾತ್ರ ಇಬ್ಬರಿಂದಲೂ ಪೂರ್ತಿ.

ಒಳ್ಳೆಯ ಗೈಡ್ ಯಾರು ಎಂದು ತಿಳಿಯಲು ಸುಲಭ ದಾರಿ ಇದೆ. "ಸ್ವಾಮಿ, ಶಿಲ್ಪಿಯ ಹೆಸರು ಕೆತ್ತಿರುವ ಒಂದು ಕಡೆ ತೋರಿಸಿ" ಎನ್ನಿ. ಬೇಲೂರಿನಲ್ಲಿ ಮೂರ್ತಿಗಳ ಪೀಠದ ಮೇಲೆ ರೂವಾರಿಗಳು ತಮ್ಮ ಹೆಸರು, ಊರು, ಬಿರುದು ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಆ ಅಕ್ಷರದ ಮುಂದೆ ಕರೆದೊಯ್ದು ಬೆರಳಿಟ್ಟು ಓದುವವನು ಗಟ್ಟಿ. ಜಕಣಾಚಾರಿ, ಡಂಕಣ, ಕಲ್ಲಿನೊಳಗಿನ ಕಪ್ಪೆ ಎಂದು ಕಥೆಯಲ್ಲೇ ಇಪ್ಪತ್ತು ನಿಮಿಷ ಕಳೆಯುವವನ ಜತೆ ಹೋದರೆ ಮಕ್ಕಳಿಗೆ ಖುಷಿ, ನಿಮಗೆ ಗೋಡೆ ನೋಡಲು ಹೊತ್ತು ಸಿಗುವುದಿಲ್ಲ. ಕಥೆ ಬೇಡ ಎಂದಲ್ಲ, ಅದನ್ನು ಕಥೆ ಎಂದೇ ಹೇಳಲಿ. "ಆ ಕಾಲದಲ್ಲೇ ಟೆಲಿಸ್ಕೋಪ್ ಇತ್ತು, ರಾಕೆಟ್ ಇತ್ತು" ಎಂದು ಶುರುವಾದರೆ ಮಾತ್ರ ನಯವಾಗಿ ದುಡ್ಡು ಕೊಟ್ಟು ಕಳಿಸಿಬಿಡಿ.

ಕೈಯಲ್ಲಿ ಹಿಡಿದ ಫೋಟೋಗೆ ಯಾರೂ ತಡೆಯುವುದಿಲ್ಲ. ಟ್ರೈಪಾಡ್ ಮತ್ತು ಡ್ರೋನ್‌ಗೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಬಾಗಿಲಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ.

ಊಟ

ಬೇಲೂರಿನಲ್ಲೇ ಮುಗಿಸಿಕೊಂಡು ಹೊರಡಿ. ದೇವಸ್ಥಾನದ ದಾಸೋಹದಲ್ಲಿ ಮಧ್ಯಾಹ್ನ ಅನ್ನ ಸಾರು ಸಿಗುತ್ತದೆ, ಬೇಗ ಹೋದವರಿಗೆ ಬೇಗ. ಬಸ್ ಸ್ಟ್ಯಾಂಡ್ ಮತ್ತು ದೇವಸ್ಥಾನದ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ. ಬೆಳಿಗ್ಗೆ ಇಡ್ಲಿ-ವಡೆ, ದೋಸೆಗೆ ಚಿಂತೆಯಿಲ್ಲ, ಮಧ್ಯಾಹ್ನ ಪ್ಲೇಟ್ ಮೀಲ್ಸ್. ಮೆನು ಕಾರ್ಡ್‌ನಲ್ಲಿ ಉತ್ತರ ಭಾರತದ ನಲವತ್ತು ಐಟಂ ಬರೆದಿರುವ ಕಡೆ ಅವನ್ನು ಕೇಳಬೇಡಿ, ಅಡುಗೆಯವನ ಕೈ ಪಳಗಿರುವುದು ಸಾರು-ಪಲ್ಯಕ್ಕೆ. ಹಳೇಬೀಡಿನಲ್ಲಿ ಆಯ್ಕೆ ಕಡಿಮೆ. ದೇವಸ್ಥಾನದ ಎದುರಿನ ಅಂಗಡಿಗಳಲ್ಲಿ ಟೀ, ಚುರುಮುರಿ, ಎಳನೀರು ಸಿಗುತ್ತದೆ, ಅಲ್ಲಿನ ಎಳನೀರಿಗೆ ಪೂರ್ತಿ ಅಂಕ. ಮುದ್ದೆ, ಸೊಪ್ಪಿನ ಸಾರು, ಬಿಸಿ ಅಕ್ಕಿ ರೊಟ್ಟಿ ಬೇಕಾದವರು ರಾತ್ರಿ ಹಾಸನಕ್ಕೆ ವಾಪಸ್ ಬಂದು ತಿನ್ನಲಿ.

ಹಳೇಬೀಡು

ಇಲ್ಲಿಗೆ ನಾಲ್ಕು ಗಂಟೆ ಕೊಡಿ. ಮಧ್ಯಾಹ್ನ ಎರಡು ಗಂಟೆಗೆ ಮೊದಲೇ ತಲುಪಬೇಕು ಎನ್ನುವುದು ಇದಕ್ಕೇ.

ಇಳಿದ ಕೂಡಲೇ ದೊಡ್ಡ ಗುಡಿಗೆ ಓಡಬೇಡಿ. ಅರ್ಧ ಕಿ.ಮೀ. ದೂರದ ಬಸ್ತಿಹಳ್ಳಿಯ ಬಸದಿಗಳಿಂದ ಶುರು ಮಾಡಿ. ಆ ಹೊತ್ತಿಗೆ ಅಲ್ಲಿ ನೆರಳೂ ಇದೆ, ಜನವೂ ಇಲ್ಲ. ಮೂರು ಬಸದಿಗಳಲ್ಲಿ ಪಾರ್ಶ್ವನಾಥನದ್ದು ಮೊದಲು. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ದೊರೆಗೆ ಮುಟ್ಟಿದ ಹೊತ್ತಿಗೇ ಯುದ್ಧದಲ್ಲಿ ಗೆದ್ದ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಸಿಕ್ಕಿ, ವಿಷ್ಣುವರ್ಧನ ಈ ದೇವರಿಗೆ ವಿಜಯ ಪಾರ್ಶ್ವ ಎಂದು ಹೆಸರಿಟ್ಟನಂತೆ, ಶಾಸನ ಹಾಗೆ ಹೇಳುತ್ತದೆ. ಒಳಗಿನ ಕರಿಗಲ್ಲಿನ ಕಂಬಗಳು ಚರಕಿಗೆ ಹಿಡಿದು ತಿರುಗಿಸುತ್ತಾ ಕಡೆದವು. ಮುಖ ಹತ್ತಿರ ಒಯ್ದರೆ ನಿಮ್ಮ ಬಿಂಬ ಒಂದೇ ಕಂಬದಲ್ಲಿ ಒಮ್ಮೆ ಉದ್ದಕ್ಕೆ, ಒಮ್ಮೆ ಮೊಟಕಾಗಿ, ಇನ್ನೊಮ್ಮೆ ತಲೆಕೆಳಗಾಗಿ ಕಾಣುತ್ತದೆ: ಕಡೆದ ಬಳೆಯ ಉಬ್ಬು-ತಗ್ಗಿಗೆ ತಕ್ಕಂತೆ. ಕಾವಲಿನವರು ಇದ್ದರೆ ಯಾವ ಕಂಬ, ಎಲ್ಲಿ ನಿಲ್ಲಬೇಕು ಎಂದು ತೋರಿಸುತ್ತಾರೆ. ಕೈಯಿಂದ ಮುಟ್ಟಬೇಡಿ, ಬೆವರಿನ ಎಣ್ಣೆ ಹತ್ತಿ ಹೊಳಪು ಮಾಸಿರುವ ಪಟ್ಟಿಯೊಂದು ಭುಜದೆತ್ತರಕ್ಕೆ ಕಾಣುತ್ತದೆ.

ಅಲ್ಲಿಂದ ಇನ್ನೂ ಸ್ವಲ್ಪ ನಡೆದರೆ ಕೇದಾರೇಶ್ವರ. ಎರಡನೇ ಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿಯ ಕಾಲದ್ದು. ಹಿಂದೆ ಮರದ ಬೇರು ಹೊಕ್ಕು ಮೇಲ್ಭಾಗ ಒಡೆದಿತ್ತು, ಈಗಿನದು ಜೋಡಿಸಿದ ರೂಪ. ಹುಲ್ಲುಹಾಸು, ಮರದ ನೆರಳು, ಸದ್ದಿಲ್ಲ. ಸಣ್ಣ ಮಕ್ಕಳಿದ್ದರೆ ಅರ್ಧ ಗಂಟೆ ಇಲ್ಲೇ ಆಡಲು ಬಿಡಿ.

ಮೂರೂವರೆಗೆ ಹೊಯ್ಸಳೇಶ್ವರದ ಆವರಣದ ಮ್ಯೂಸಿಯಂ. ಟಿಕೆಟ್ ಹೆಸರಿಗಷ್ಟೇ. ಸುತ್ತಮುತ್ತಲ ಹೊಲ-ಗದ್ದೆಗಳಲ್ಲಿ, ಪಾಳುಗುಡಿಗಳಲ್ಲಿ ಸಿಕ್ಕ ಮೂರ್ತಿಗಳನ್ನು ಇಲ್ಲಿ ಕಣ್ಣಿನ ಮಟ್ಟಕ್ಕೆ ಇಟ್ಟಿದ್ದಾರೆ. ಗೋಡೆಯ ಮೇಲೆ ಎತ್ತರದಲ್ಲಿ ಕಾಣುವ ಕೆಲಸವನ್ನು ಇಲ್ಲಿ ಒಂದಡಿ ದೂರದಿಂದ ನೋಡಬಹುದು. ಅರ್ಧ ಗಂಟೆ ಸಾಕು.

ನಾಲ್ಕಕ್ಕೆ ಗುಡಿ. ಚಪ್ಪಲಿ ಬಿಡುವುದು ಇಲ್ಲಿ ಜಗತಿಯ ಬಳಿ, ಹುಲ್ಲಿನ ಮೇಲೆ ಚಪ್ಪಲಿಯಲ್ಲೇ ಓಡಾಡಬಹುದು. ಗುಡಿ ಶುರುವಾದದ್ದು 1121ರ ಸುಮಾರಿಗೆ, ಅಧಿಕಾರಿ ಕೇತಮಲ್ಲನ ಮೇಲ್ವಿಚಾರಣೆಯಲ್ಲಿ. ಎರಡು ಗರ್ಭಗುಡಿ, ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ, ಎದುರಿಗೆ ಎರಡು ನಂದಿ. ತೆಂಕಣ ಬಾಗಿಲಿನ ದ್ವಾರಪಾಲಕರ ಮುಂದೆ ಒಂದು ಹೊತ್ತು ನಿಲ್ಲಿ. ಕೊರಳ ಸರಗಳು ಎದೆಗೆ ಅಂಟಿಲ್ಲ, ಹಿಂದೆ ಜಾಗ ಬಿಟ್ಟು ಕೊರೆದಿದ್ದಾರೆ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಸರದ ಹಿಂದಿನ ಕತ್ತಲೆ ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಜಾತಿ, ಅದಕ್ಕೇ ಇಷ್ಟು ಸೂಕ್ಷ್ಮ ಸಾಧ್ಯವಾದದ್ದು.

ಈಗ ಹಿಂದಿನ ಗೋಡೆ. ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಬನ್ನಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಕಥೆಯ ಪಟ್ಟಿ ಇರುವುದು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಬಗ್ಗಿ ನೋಡಬೇಕು. ಕತೆಗಳು ಬಹುಪಾಲು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ತಿರುಗಿ ನಡೆದರೆ ಯುದ್ಧ ಮುಗಿದ ಮೇಲೆ ಶುರುವಾದಂತೆ ಕಾಣುತ್ತದೆ. ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನು ಮಕ್ಕಳಿಗೆ ಹುಡುಕಲು ಬಿಡಿ, ಸುತ್ತು ಸುತ್ತಾಗಿ ನಿಂತ ಸೈನಿಕರಿಂದ ಗುರುತು ಸಿಗುತ್ತದೆ. ಮೇಲಿನ ದೊಡ್ಡ ಮೂರ್ತಿಗಳಲ್ಲಿ ಕೈಲಾಸ ಎತ್ತುವ ರಾವಣ, ಗೋವರ್ಧನ ಹಿಡಿದ ಕೃಷ್ಣ, ಗಜಾಸುರನ ಚರ್ಮದೊಳಗೆ ಕುಣಿಯುವ ಶಿವ. ರಾವಣನ ಪಟ್ಟಿಯಲ್ಲಿ ಬೆಟ್ಟದ ಒಂದೊಂದು ಅಂತಸ್ತಿನಲ್ಲಿ ಪ್ರಾಣಿ, ಗಣ, ದೇವತೆಗಳು ಬೇರೆ ಬೇರೆ. ಅದೊಂದಕ್ಕೇ ಹತ್ತು ನಿಮಿಷ ಕೊಟ್ಟರೂ ಹೆಚ್ಚಲ್ಲ.

ಹೊರಡುವ ಮೊದಲು ಗುಡಿಯ ತೆಂಕಣಕ್ಕಿರುವ ಗರುಡಗಂಬ. ನೂರರಲ್ಲಿ ತೊಂಬತ್ತು ಜನ ಇದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ದೊರೆಗಾಗಿ ಪ್ರಾಣ ಕೊಡುವ ವ್ರತ ತೊಟ್ಟ ಗರುಡರ ನೆನಪಿನ ಕಂಬ ಇದು. ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರ ಜತೆ ಪ್ರಾಣ ಬಿಟ್ಟದ್ದನ್ನು ಇಲ್ಲಿನ ಶಾಸನ ಹೇಳುತ್ತದೆ. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ಕಡಿದುಕೊಳ್ಳುವ ವೀರರ ಉಬ್ಬುಚಿತ್ರಗಳಿವೆ.

ಹಳೇಬೀಡಿಗೆ ಐದಕ್ಕೆ ಐದು. ಅರ್ಧ ಅಂಕ ಕಳೆಯಬೇಕೆಂದರೆ ಫಲಕಗಳ ವಿಚಾರಕ್ಕೆ ಕಳೆಯಬಹುದು: ಬಸದಿ, ಕೇದಾರೇಶ್ವರಕ್ಕೆ ದಾರಿ ತೋರಿಸುವ ಬೋರ್ಡು ಇನ್ನೂ ನಾಲ್ಕು ಬೇಕಿತ್ತು.

ಹೋಗುವುದು ಹೇಗೆ

ಕೆ.ಎಸ್.ಆರ್.ಟಿ.ಸಿ. ಬಸ್ಸಿಗೆ ನಮ್ಮ ಮೊದಲ ಮತ. ಹಾಸನದಿಂದ ಬೇಲೂರಿಗೆ ಬೆಳಗಿನಿಂದಲೇ ಬಸ್ಸುಗಳು ಒಂದರ ಹಿಂದೆ ಒಂದು, ಸುಮಾರು ಒಂದು ಗಂಟೆಯ ಹಾದಿ. ಬೇಲೂರು–ಹಳೇಬೀಡು ನಡುವೆಯೂ ಆಗಾಗ ಇವೆ, ಮುಕ್ಕಾಲು ಗಂಟೆಯೊಳಗೆ ಮುಟ್ಟುತ್ತದೆ. ಹಳೇಬೀಡಿನಿಂದ ಹಾಸನಕ್ಕೆ ಸಂಜೆ ಬಸ್ಸು ವಿರಳವಾಗುತ್ತದೆ. ಇಳಿದ ಕೂಡಲೇ ನಿಲ್ದಾಣದಲ್ಲಿ ಕಂಡಕ್ಟರ್ ಒಬ್ಬರನ್ನು ಹಿಡಿದು ಕೊನೆಯ ಬಸ್ಸು ಯಾವುದು, ಅದರ ಹಿಂದಿನದು ಯಾವುದು ಎಂದು ಕೇಳಿಟ್ಟುಕೊಂಡು, ಹಿಂದಿನದಕ್ಕೇ ಹೊರಡಿ. ಕೊನೆಯದು ಕೈಕೊಟ್ಟರೆ ಹಗರೆವರೆಗೆ ಆಟೋ ಹಿಡಿದು, ಬೇಲೂರು–ಹಾಸನ ಬಸ್ಸಿಗೆ ಕೈ ತೋರಿಸಬೇಕು.

ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದು ಇಳಿಯುವವರೆಗೆ ಇಟ್ಟುಕೊಳ್ಳಬೇಕು. ಹೊರ ರಾಜ್ಯದಿಂದ ಬಂದ ನೆಂಟರಿಗೆ ಅದು ನಡೆಯುವುದಿಲ್ಲ, ರಾಜಹಂಸ, ಐರಾವತಕ್ಕೂ ಇಲ್ಲ. ಅದರಿಂದಾಗಿ ವಾರಾಂತ್ಯದಲ್ಲಿ ಸೀಟು ಸಿಗುವುದು ಕಷ್ಟ, ಹಾಸನದಲ್ಲೇ ಹತ್ತಿದವರಿಗೆ ಚಿಂತೆಯಿಲ್ಲ.

ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ, ವಯಸ್ಸಾದವರಿದ್ದರೆ ಬಾಡಿಗೆ ಕಾರು ಸರಿ. ಇಲ್ಲಿ ಮೋಸ ಹೋಗುವುದು ಒಂದೇ ಜಾಗದಲ್ಲಿ. ಹೊರ ಊರಿನ ಬಾಡಿಗೆ ಎಂದು ಮಾತಾಡಿದರೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ.ಗೆ ಲೆಕ್ಕ ಹಾಕುವುದು ರೂಢಿ, ಮೇಲೆ ಡ್ರೈವರ್ ಬಾಟಾ. ಹಾಸನ–ಬೇಲೂರು–ಹಳೇಬೀಡು–ಹಾಸನ ಸುತ್ತು 85 ಕಿ.ಮೀ. ಮಾತ್ರ. ದೊಡ್ಡಗದ್ದವಳ್ಳಿ, ಬೆಳವಾಡಿ ಎರಡನ್ನೂ ಸೇರಿಸಿದರೂ 120ರ ಒಳಗೆ. ಅದಕ್ಕೇ "ಎಂಟು ಗಂಟೆ ಎಂಬತ್ತು ಕಿ.ಮೀ." ಲೋಕಲ್ ದರ ಕೇಳಿ, ಮೇಲಿನ ಪ್ರತಿ ಕಿ.ಮೀ. ಮತ್ತು ಪ್ರತಿ ಗಂಟೆಗೆ ಎಷ್ಟು ಎಂದು ಬರೆಸಿಕೊಳ್ಳಿ. ಮೀಟರ್ ಲೆಕ್ಕ ಶುರುವಾಗುವುದು ನಿಮ್ಮ ಲಾಡ್ಜಿನ ಬಾಗಿಲಿನಿಂದಲೋ ಅವರ ಶೆಡ್ಡಿನಿಂದಲೋ ಎಂಬುದೂ ಅದರಲ್ಲಿರಲಿ. ಪಾರ್ಕಿಂಗ್ ಚೀಟಿ ಯಾರ ಖರ್ಚು ಎಂದು ಸಂಜೆ ಜಗಳವಾಡುವುದಕ್ಕಿಂತ ಬೆಳಿಗ್ಗೆ ಕೇಳುವುದು ಮೇಲು.

ಕಾರಿದ್ದವರು ಬೆಳಿಗ್ಗೆ ಬೇಲೂರಿಗೆ ಹೋಗುವ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ಮುಕ್ಕಾಲು ಗಂಟೆ ಕೊಡಿ. ಮುಖ್ಯ ರಸ್ತೆಯಿಂದ ಒಳಗೆ ಸುಮಾರು 3 ಕಿ.ಮೀ., ಕೆರೆಯ ಪಕ್ಕ. 1113ರ ಹೊತ್ತಿನದು, ಬೇಲೂರಿಗಿಂತ ಮೊದಲಿನದು. ಕುಲ್ಲಹಣ ರಾಹುತ ಎಂಬ ವರ್ತಕ, ಹೆಂಡತಿ ಸಹಜಾದೇವಿ ಕಟ್ಟಿಸಿದ ನಾಲ್ಕು ಗರ್ಭಗುಡಿಯ ಲಕ್ಷ್ಮೀದೇವಿ ಗುಡಿ. ಕಾಳಿಯ ಗುಡಿಯ ಬಾಗಿಲಲ್ಲಿ ನಿಂತ ಎಲುಬಿನ ಹಂದರದ ಬೇತಾಳಗಳು ಮಕ್ಕಳಿಗೆ ರಾತ್ರಿಯವರೆಗೆ ಮಾತಿನ ವಸ್ತು.

ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಉಳಿದವರಿಗೆ ಇನ್ನೂ ಚೆಂದದ ಸುತ್ತು ಇದೆ. ಬೇಲೂರು, ಹಳೇಬೀಡು, ಅಲ್ಲಿಂದ 12 ಕಿ.ಮೀ. ದೂರದ ಬೆಳವಾಡಿ, ಬೆಳವಾಡಿಯಿಂದ ನೇರ ಚಿಕ್ಕಮಗಳೂರು. ಹೋದ ರಸ್ತೆಯಲ್ಲೇ ಹಿಂದಿರುಗಬೇಕಿಲ್ಲ, ಒಟ್ಟು 80 ಕಿ.ಮೀ. ಚಿಲ್ಲರೆ. ಬೆಳವಾಡಿಯಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂರೂ ಒಂದೇ ಗುಡಿಯಲ್ಲಿ. ಸೂಕ್ಷ್ಮ ಕೆತ್ತನೆಗಿಂತ ಕಡೆದ ಕಂಬಗಳ ಸಾಲೇ ಇಲ್ಲಿನ ಸೊಗಸು. ಆದರೆ ಇದನ್ನು ಸೇರಿಸಿದರೆ ಹಳೇಬೀಡಿನಿಂದ ಒಂದು ಗಂಟೆ ಕಡಿತವಾಗುತ್ತದೆ. ಆಗ ಕೇದಾರೇಶ್ವರ ಬಿಡಿ, ಪಾರ್ಶ್ವನಾಥ ಬಿಡಬೇಡಿ.

ಉಳಿಯಲು, ಕೊಳ್ಳಲು

ಬೇಲೂರಿನಲ್ಲಿ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಮಯೂರ ಶಾಂತಲಾ, ಎರಡೂ ರಾಜ್ಯ ಪ್ರವಾಸೋದ್ಯಮ ನಿಗಮದವು. ಜಾಗಕ್ಕೆ ಎದುರಿಲ್ಲ, ದೇವಸ್ಥಾನ ಕೂಗಳತೆಯಲ್ಲಿದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಖಾಲಿ ಅಂಗಳ ಬೇಕಾದ ಫೋಟೋಗ್ರಾಫರ್‌ಗಳಿಗೆ ಇವೇ ಸರಿ. ಕೋಣೆ ಕಡಿಮೆ, ಮೊದಲೇ ಬುಕ್ ಮಾಡಿ. ಊಟ-ತಿಂಡಿ, ರೈಲು, ರಾತ್ರಿ ಬಸ್ಸು, ಮೆಡಿಕಲ್ ಶಾಪು ಎಲ್ಲ ಕೈಗೆ ಸಿಗಬೇಕೆಂದರೆ ಹಾಸನವೇ ಅನುಕೂಲ.

ಎರಡೂ ಕಡೆ ದೇವಸ್ಥಾನದ ಮುಂದೆ ಬಳಪದ ಕಲ್ಲಿನ ಗಣಪ, ಮದನಿಕೆ ಮಾರುತ್ತಾರೆ. ಅದರಲ್ಲಿ ಅಚ್ಚು ಹೊಯ್ದ ಮಾಲೂ ಸೇರಿರುತ್ತದೆ. ಗುರುತಿಸುವುದು ಕಷ್ಟವಿಲ್ಲ. ನಿಜವಾದ ಕಲ್ಲು ಕೈಗೆ ತಣ್ಣಗೆ, ಗಾತ್ರಕ್ಕೆ ಮೀರಿದ ತೂಕ. ತಳವನ್ನು ಉಗುರಿನಿಂದಲೋ ನಾಣ್ಯದಿಂದಲೋ ಕೆರೆದರೆ ಬಿಳಿ ಪುಡಿ ಉದುರುತ್ತದೆ, ಪುಡಿ ಜಾರುವಂತೆ ನುಣುಪು. ಅಚ್ಚಿನದ್ದರಲ್ಲಿ ಎರಡು ಪಕ್ಕೆಯಲ್ಲೂ ಜೋಡಣೆಯ ಸಣ್ಣ ಗೆರೆ ಉಳಿದಿರುತ್ತದೆ, ಒಂದೇ ಮೂರ್ತಿ ಹತ್ತು ಇದ್ದರೆ ಹತ್ತರ ಮೂಗಿನ ಮೇಲೂ ಒಂದೇ ಗುಳಿ ಇರುತ್ತದೆ. ಕೆರೆದು ನೋಡುವುದಕ್ಕೆ ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಮೊದಲ ಬೆಲೆಗೆ ಯಾರೂ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಕೊಂಡದ್ದನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೆತ್ತನೆಯ ಕಲ್ಲು, ಬಸ್ಸಿನ ಡಿಕ್ಕಿಯಲ್ಲಿ ಸೂಟ್‌ಕೇಸಿನ ಕೆಳಗೆ ಬಿದ್ದರೆ ಮೊದಲು ಹೋಗುವುದು ಗಣಪನ ಸೊಂಡಿಲು.